ಹಂಪಿ ಪರಿಸರದಲ್ಲಿ ಹೊಸ ಕಟ್ಟಡ: ಅನುಮತಿಯ ನಿಯಮಗಳು

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯು ಸೇತುವೆಗಳ ನಿರ್ಮಾಣದಿಂದಾಗಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. 2006ರಲ್ಲಿ ಅದರಿಂದ ಹೊರಬಂದಿತು. ಈ ನಡುವೆ, 2002ರ ರಾಜ್ಯ ಕಾಯ್ದೆಯನ್ವಯ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಪ್ರದೇಶದೊಳಗಿನ ನಿರ್ಮಾಣಗಳಿಗೆ ಅದರ ಅನುಮತಿ ಅಗತ್ಯ.

ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ ಮತ್ತೊಂದು ಕಟ್ಟುಪಾಡಿದೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯ್ದೆಯಂತೆ ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಸಕ್ಷಮ ಪ್ರಾಧಿಕಾರಿಗೆ ಅರ್ಜಿ ಸಲ್ಲಿಸಬೇಕು; ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇರೆಗೆ ಅನುಮತಿ ನೀಡಲಾಗುತ್ತದೆ. ಕಟ್ಟಡದ ಹೊರನೋಟ, ಚರಂಡಿ, ರಸ್ತೆಗಳಂಥ ಅಂಶಗಳನ್ನು ಪಾರಂಪರಿಕ ಉಪವಿಧಿಗಳ ವ್ಯಾಪ್ತಿಗೆ ತರಲಾಗಿದೆ.

ಹಂಪಿಯಲ್ಲಿ ಸ್ಮಾರಕಗಳ ನೆರೆಯಲ್ಲೇ ಊರುಗಳಿವೆ. ಆದ್ದರಿಂದ ಗೋಡೆ ಎತ್ತುವ ಮುನ್ನ ತಮ್ಮ ನಿವೇಶನ ಯಾವ ವಲಯದಲ್ಲಿದೆಯೆಂದು ತಿಳಿಯುವುದು ನಿವಾಸಿಗಳಿಗೆ ಅನಿವಾರ್ಯ.