ಸೇಲಂಗೆ ಹೊರಟ ಬಸ್ಸು

1981ರ ಜುಲೈ 23. ಮುಂಬಯಿಯಲ್ಲಿ ಮಳೆಗಾಲ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಫುಟ್‌ಪಾತಿನ ಮೇಲಿದ್ದ ಒಂದು ಗುಡಿಸಲನ್ನು ನಗರಪಾಲಿಕೆಯವರು ಕಿತ್ತು ಹಾಕಿದರು. ಗುಡಿಸಲು ಎಂದರೆ ಒಂದಿಷ್ಟು ಪ್ಲಾಸ್ಟಿಕ್ ಹಾಳೆ, ಒಂದಿಷ್ಟು ಕ್ಯಾನ್ವಾಸ್ ಬಟ್ಟೆ, ಅಷ್ಟೆ. ಅದರೊಳಗೆ ಗಂಡ, ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳ ಸಂಸಾರವಿತ್ತು. ಅವರನ್ನು ಬಸ್ಸು ಹತ್ತಿಸಿ ಆತನ ಹುಟ್ಟೂರಾದ ತಮಿಳುನಾಡಿನ ಸೇಲಂಗೆ ಸಾಗಹಾಕಲಾಯಿತು. ಹೆಂಡತಿ ಮತ್ತು ಮಕ್ಕಳು ಸೇಲಂನಲ್ಲೇ ಉಳಿದರು. ಗಂಡ ಮಾತ್ರ ಕೆಲಸ ಹುಡುಕಿಕೊಂಡು ಮತ್ತೆ ಮುಂಬಯಿಗೆ ಬಂದ. ಮತ್ತೆ ಫುಟ್‌ಪಾತನ್ನೇ ಸೇರಿದ.

ಇದು ನಾವು ಕಟ್ಟಿದ ಕತೆಯಲ್ಲ. ಭಾರತದ ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲಿ ದಾಖಲಾಗಿರುವ ಸಂಗತಿ. ಕತೆ ಬರೆಯುವ ಕಸುಬಿನವರಾದ ನಮಗೆ ಈ ನಾಲ್ಕು ಸಾಲು ಬಹಳ ದಿನ ಕಾಡಿದವು. ಹುಟ್ಟಿದೂರಿಗೆ ಪುಕ್ಕಟೆಯಾಗಿ ಹೋಗಿ ಮುಟ್ಟಿದ ಮನುಷ್ಯ, ಹೆಂಡತಿ ಮಕ್ಕಳನ್ನು ಬಿಟ್ಟು, ಪೊಲೀಸರ ಲಾಠಿಯಿರುವ ಆ ಬೀದಿಗೇ ಏಕೆ ಮರಳಿ ಬಂದ? ಸೂರಿಲ್ಲದವರ ಚರಿತ್ರೆಯನ್ನು ತಿಳಿಯಬೇಕೆಂದರೆ ಈ ಪ್ರಶ್ನೆಯಿಂದಲೇ ಹೊರಡಬೇಕು ಎಂದು ನಮಗನಿಸುತ್ತದೆ.

ಬಸ್ಸು ಹೊರಡುವ ಹತ್ತು ದಿನ ಮೊದಲು, ಜುಲೈ 13ರಂದು, ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ.ಆರ್. ಅಂತುಲೆ ಒಂದು ಘೋಷಣೆ ಮಾಡಿದ್ದರು. ಮುಂಬಯಿಯ ಫುಟ್‌ಪಾತ್ ವಾಸಿಗಳನ್ನೆಲ್ಲ ಎಬ್ಬಿಸಿ ಅವರವರ ಊರಿಗೆ, ಇಲ್ಲವೇ ನಗರದಿಂದ ಹೊರಗೆ ಕಳುಹಿಸಲಾಗುವುದು ಎಂದು. ಈ ಘೋಷಣೆಯ ಹಿಂದೆ ಒಂದು ನಂಬಿಕೆಯಿತ್ತು. ಬೀದಿಯಲ್ಲಿ ಮಲಗಿದವನಿಗೆ ಎಲ್ಲೋ ಒಂದು ಊರಿದೆ, ಊರಿನಲ್ಲೊಂದು ಮನೆಯಿದೆ, ಆತ ಹಟಕ್ಕೋ ಸೋಮಾರಿತನಕ್ಕೋ ಇಲ್ಲಿ ಬಿದ್ದುಕೊಂಡಿದ್ದಾನೆ ಎಂಬ ನಂಬಿಕೆ. ಇದು ಒಬ್ಬ ಮುಖ್ಯಮಂತ್ರಿಯದಷ್ಟೇ ಅಲ್ಲ. ನಮ್ಮ ನಿಮ್ಮೆಲ್ಲರ ಮನಸ್ಸಿನ ಯಾವುದೋ ಮೂಲೆಯಲ್ಲಿ ಇದು ಇದ್ದೇ ಇದೆ.

ಫುಟ್‌ಪಾತೂ ಪುಕ್ಕಟೆಯಲ್ಲ

ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಹೂಡಿದ್ದ ದಾವೆಯ ತೀರ್ಪು ಹೊರಬಿದ್ದದ್ದು 1985ರ ಜುಲೈ 10ರಂದು. ಅದರಲ್ಲಿ ಇಬ್ಬರು ಅರ್ಜಿದಾರರ ಬದುಕಿನ ವಿವರಗಳಿವೆ. ನಾವು ಮೇಲೆ ಹೇಳಿದ ಸೇಲಂನ ಮನುಷ್ಯ ಭೂಮಿಯಿಲ್ಲದ ಕೂಲಿಕಾರ. ಬರಗಾಲ ಬಂದು ಕೆಲಸ ತಪ್ಪಿದಾಗ, 1961ರಲ್ಲಿ ಮುಂಬಯಿಗೆ ಬಂದ. ದಹಿಸರದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಆತನಿಗೆ ಸಿಗುತ್ತಿದ್ದ ದಿನಗೂಲಿ 23 ರೂಪಾಯಿ. ಫುಟ್‌ಪಾತಿನ ಆ ಪ್ಲಾಸ್ಟಿಕ್ ಸೂರಿಗಾಗಿ ಅಲ್ಲಿನ ಕೊಳೆಗೇರಿಯ ದಾದಾ ಒಬ್ಬ ಆತನಿಂದ ಕಿತ್ತುಕೊಂಡದ್ದು 2,500 ರೂಪಾಯಿ. ಓದುಗರು ಲೆಕ್ಕ ಹಾಕಿ ನೋಡಬಹುದು. ಒಂದು ಹೊತ್ತೂ ಉಣ್ಣದೆ ಕೂಡಿಟ್ಟರೂ ನೂರ ಎಂಟು ದಿನಗಳ ಕೂಲಿಗಿಂತ ಹೆಚ್ಚಾಯಿತು.

ಇನ್ನೊಬ್ಬ ಅಹಮದನಗರ ಜಿಲ್ಲೆಯ ಸಂಗಮನೇರದಿಂದ 1969ರಲ್ಲಿ ಬಂದವನು. ಊರಿನಲ್ಲಿ ಚಪ್ಪಲಿ ಹೊಲಿದು ದಿನಕ್ಕೆ ಏಳೆಂಟು ರೂಪಾಯಿ ಗಳಿಸುತ್ತಿದ್ದ. ಇದ್ದ ಮನೆ ಕುಸಿದು ಬಿತ್ತು. ಮುಂಬಯಿಯಲ್ಲಿ ತಿಂಗಳಿಗೆ 350 ರೂಪಾಯಿಯ ಬದಲಿ ಕಾಮಗಾರನಾದ. ಕಾಯಂ ಕೆಲಸಗಾರ ಬಾರದ ದಿನ ಆತನ ಬದಲಿಗೆ ದುಡಿಯುವವನೇ ಬದಲಿ ಕಾಮಗಾರ. ಬೀದಿಯಲ್ಲೊಂದು ಜಾಗಕ್ಕೆ ರೌಡಿಗೆ 300, ಬಿದಿರು ಮತ್ತು ಪ್ಲಾಸ್ಟಿಕ್ಕಿಗೆ 700 ರೂಪಾಯಿ ಸುರಿದ. ಅದು ಸುಮಾರು ಮೂರು ತಿಂಗಳ ಸಂಬಳ.

ಇವರಿಬ್ಬರೂ ಭಿಕ್ಷುಕರಲ್ಲ, ದುಡಿದು ಉಣ್ಣುವವರು. ಮನೆಯಿಲ್ಲದಿರುವುದಕ್ಕೆ ಕುಡಿತವೋ ಹುಚ್ಚೋ ಕಾರಣವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಂಥವರೂ ಬೀದಿಯಲ್ಲಿದ್ದಾರೆ. ಮನೆಯಿಂದ ದೂಡಲ್ಪಟ್ಟ ವಿಧವೆ, ಮಕ್ಕಳು ಕೈಬಿಟ್ಟ ಮುದುಕ, ಕಾಯಿಲೆಯಿಂದ ಕೆಲಸ ಕಳೆದುಕೊಂಡವನು ಎಲ್ಲರೂ ಇದ್ದಾರೆ. ಆದರೆ ಈ ಇಬ್ಬರ ಮಟ್ಟಿಗೆ ಕಾರಣ ಬೇರೆಯೇ ಇತ್ತು. ನಗರಕ್ಕೆ ಅವರ ಕೈ ಬೇಕಾಗಿತ್ತು. ಆ ಕೈಗೆ ನಗರ ಕೊಟ್ಟ ಕೂಲಿಯಲ್ಲಿ ಆ ನಗರದ ಅತಿ ಸಣ್ಣ ಖೋಲಿಯ ಬಾಡಿಗೆಯೂ ಹುಟ್ಟುತ್ತಿರಲಿಲ್ಲ.

ನ್ಯಾಯಾಲಯ ಇದನ್ನು ಕಂಡಿತು ಎನ್ನುವುದೇ ಆ ತೀರ್ಪಿನ ದೊಡ್ಡತನ. ಜನ ಕೆಲಸದ ಜಾಗಕ್ಕೆ ಹತ್ತಿರವೆಂದೇ ಈ ಫುಟ್‌ಪಾತುಗಳನ್ನು ಆರಿಸಿಕೊಳ್ಳುತ್ತಾರೆ, ದೂರದಿಂದ ಓಡಾಡುವ ಸಮಯವನ್ನೂ ಖರ್ಚನ್ನೂ ಅವರ ಜೇಬು ತಾಳದು ಎಂದು ಅದು ಗುರುತಿಸಿತು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ನೇತೃತ್ವದ ಐವರ ಪೀಠ, ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನಲ್ಲಿ ದುಡಿದು ಬದುಕುವ ಹಕ್ಕೂ ಸೇರಿದೆ ಎಂದು ಸಾರಿತು. ನಮ್ಮ ದೇಶದ ಕಾನೂನಿನ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು.

ಆದರೆ ಅದೇ ತೀರ್ಪು ಗುಡಿಸಲನ್ನು ಉಳಿಸಲಿಲ್ಲ. ಫುಟ್‌ಪಾತು ನಡೆಯುವವರದು, ಅಲ್ಲಿ ಮನೆ ಕಟ್ಟುವ ಹಕ್ಕು ಯಾರಿಗೂ ಇಲ್ಲ ಎಂದಿತು. ಸಾಮಾನ್ಯವಾಗಿ ನೋಟೀಸು ಕೊಟ್ಟೇ ಎಬ್ಬಿಸಬೇಕು, 1976ರ ಗಣತಿಯ ಗುರುತುಚೀಟಿ ಇದ್ದವರಿಗೆ ಬದಲಿ ಜಾಗ ಕೊಡಬೇಕು, ಮಳೆಗಾಲ ಕಳೆದು ಅಕ್ಟೋಬರ್ 31 ದಾಟುವವರೆಗೆ ಕಾಯಬೇಕು ಎಂದು ಹೇಳಿ ನಗರಪಾಲಿಕೆಯ ಅಧಿಕಾರವನ್ನು ಎತ್ತಿಹಿಡಿಯಿತು. ಹೀಗೆ ಗೆದ್ದವರಿಗೆ ಸಿಕ್ಕಿದ್ದು ಒಂದು ತತ್ವ ಮತ್ತು ಮೂರೂವರೆ ತಿಂಗಳ ಕಾಲಾವಕಾಶ. ನಡೆಯುವವರ ಹಕ್ಕೂ ಸುಳ್ಳಲ್ಲ ಎಂಬುದನ್ನು ನಾವು ಒಪ್ಪಲೇಬೇಕು. ಎಬ್ಬಿಸಲ್ಪಟ್ಟವನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಸೀರೆಯಿಂದ ಅಳೆದ ಮನೆ

ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರಲ್ಲಿ ಮುಂಬಯಿಯ ಭಾಯಖಳಾದ ಫುಟ್‌ಪಾತಿನ ಹೆಂಗಸರು ಮುಖ್ಯರು. ತೀರ್ಪು ಬಂದ ವರ್ಷವೇ, 'ಸ್ಪಾರ್ಕ್' ಎಂಬ ಸಂಸ್ಥೆಯ ಜೊತೆ ಸೇರಿ, ತಮ್ಮ ವಠಾರದ ಸುಮಾರು ಆರು ಸಾವಿರ ಕುಟುಂಬಗಳ ಲೆಕ್ಕ ತೆಗೆಯುವ ಕೆಲಸಕ್ಕೆ ಅವರು ಕೈಹಾಕಿದರು. ಕೊಳೆಗೇರಿಗಳಿಗಾದರೂ ಸರಕಾರಿ ಗಣತಿ ಇತ್ತು, ಫುಟ್‌ಪಾತಿನವರಿಗೆ ಅದೂ ಇರಲಿಲ್ಲ. 'ನಾವು, ಕಣ್ಣಿಗೆ ಕಾಣದವರು' ಎಂಬರ್ಥದ ಹೆಸರು ಹೊತ್ತು ಆ ವರದಿ ಪ್ರಕಟವಾಯಿತು. ಅನೇಕರು ಹತ್ತಾರು ವರ್ಷಗಳಿಂದ ಅಲ್ಲೇ ಇದ್ದಾರೆ, ಮಕ್ಕಳು ಅಲ್ಲೇ ಹುಟ್ಟಿದ್ದಾರೆ, ಹೆಚ್ಚಿನವರು ನಡೆದೇ ಕೆಲಸಕ್ಕೆ ಹೋಗುತ್ತಾರೆ ಎಂಬುದು ಆಗ ಕಾಗದದ ಮೇಲೆ ಬಂತು.

ಅದೇ ಹೆಂಗಸರು 'ಮಹಿಳಾ ಮಿಲನ್' ಎಂಬ ಹೆಸರಿನಲ್ಲಿ ಒಂದಾದರು. ದಿನಕ್ಕೆ ಒಂದೆರಡು ರೂಪಾಯಿ ಉಳಿಸತೊಡಗಿದರು. ತಮಗೆ ಎಂಥ ಮನೆ ಬೇಕು ಎಂಬುದನ್ನು ಎಂಜಿನಿಯರುಗಳ ಬಾಯಿಂದ ಕೇಳುವ ಬದಲು ತಾವೇ ಯೋಚಿಸಿದರು. ಅಡಿ, ಚದರಡಿಗಳ ಲೆಕ್ಕ ಬಾರದವರು ಉಡುವ ಸೀರೆಯಿಂದ ಅಳತೆ ಹಿಡಿದರು. ಚಿಕ್ಕ ಜಾಗ, ಆದರೆ ಮಾಡು ಎತ್ತರ, ಒಳಗೊಂದು ಅಟ್ಟ. ಬಟ್ಟೆ ಮತ್ತು ಮರದ ಚೌಕಟ್ಟಿನಿಂದ ನಿಜವಾದ ಅಳತೆಯ ಮನೆಯನ್ನು ನಿಲ್ಲಿಸಿ, ಅದನ್ನು ಪ್ರದರ್ಶನಕ್ಕಿಟ್ಟು ಅಧಿಕಾರಿಗಳನ್ನು ನೋಡಲು ಕರೆದರು. ಮುಂದೆ ಮಾನಖುರ್ದಿನ 'ಮಿಲನ್ ನಗರ'ದಲ್ಲಿ ಅವರಲ್ಲಿ ಕೆಲವರಿಗೆ ಮನೆಯೂ ಆಯಿತು. 1995ರಲ್ಲಿ ಮಹಾರಾಷ್ಟ್ರದ ಕೊಳೆಗೇರಿ ಪುನರ್ವಸತಿ ಯೋಜನೆ ಫುಟ್‌ಪಾತಿನವರನ್ನೂ ಮನೆಗೆ ಅರ್ಹರೆಂದು ಪರಿಗಣಿಸಿತು. ಹತ್ತು ವರ್ಷಗಳ ಹಿಂದೆ ಅವರನ್ನು ಎಣಿಸುವವರೂ ಇರಲಿಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಈ ಹೆಂಗಸರ ಜೊತೆ ನಿಂತವರಲ್ಲಿ ಒಬ್ಬರು ನಮ್ಮ ರಾಜ್ಯದವರು. ಜಾಕಿನ್ ಅರ್ಪುತಂ 1946ರಲ್ಲಿ ಕೋಲಾರದ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್.ನಲ್ಲಿ ಹುಟ್ಟಿದವರು. ಹರೆಯದಲ್ಲೇ ಮುಂಬಯಿಗೆ ಹೋಗಿ ಬಡಗಿ ಕೆಲಸ ಮಾಡುತ್ತಾ ಜನತಾ ಕಾಲೊನಿ ಎಂಬ ಕೊಳೆಗೇರಿಯಲ್ಲಿ ನೆಲೆಸಿದರು. 1976ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ಆ ಕಾಲೊನಿಯನ್ನೇ ಎಬ್ಬಿಸಿ ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ತಾವೇ ಎಬ್ಬಿಸಲ್ಪಟ್ಟ ಆ ಮನುಷ್ಯ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟವನ್ನು ಕಟ್ಟಿದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದವು. 2018ರಲ್ಲಿ ತೀರಿಕೊಂಡ ಅವರ ಹೆಸರನ್ನು ಕರ್ನಾಟಕದಲ್ಲಿ ಎಷ್ಟು ಮಂದಿ ಬಲ್ಲರು?

ಅಪರಾಧವಾದ ಬಡತನ

ಮುಂಬಯಿ ಕಲಿತ ಈ ಪಾಠ ನಮ್ಮ ಕಾನೂನುಗಳಿಗೆ ತಲುಪಲಿಲ್ಲ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯ ಪ್ರಕಾರ, ಕೈ ಚಾಚದಿದ್ದರೂ, ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಭಿಕ್ಷುಕನಂತೆ ತೋರುವವನೂ ಭಿಕ್ಷುಕನೇ. ಕೊಳೆಯಾದ ಅಂಗಿಯೇ ಸಾಕ್ಷಿ! ದೆಹಲಿ ಹೈಕೋರ್ಟು ತನ್ನ ವ್ಯಾಪ್ತಿಯಲ್ಲಿ ಈ ಕಾಯ್ದೆಯ ಶಿಕ್ಷೆಯ ಕಲಮುಗಳನ್ನು ತೆಗೆದುಹಾಕಿದ್ದು 2018ರಲ್ಲಿ, ಸುಮಾರು ಅರವತ್ತು ವರ್ಷಗಳ ಬಳಿಕ.

ಕರ್ನಾಟಕದ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. ಅದರ ಖರ್ಚಿಗೆಂದು ಆಸ್ತಿ ತೆರಿಗೆಯ ಮೇಲೆ ಶೇ. 3ರ ಉಪಕರ ಬಂತು. ಹಿಡಿದು ತಂದವರನ್ನು ಇರಿಸುವ ಜಾಗಕ್ಕೆ 'ನಿರಾಶ್ರಿತರ ಪರಿಹಾರ ಕೇಂದ್ರ' ಎಂಬ ಹೆಸರು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಆ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ನಾವು ಕಟ್ಟಿದ ತೆರಿಗೆಯಲ್ಲಿ ನಡೆಯುವ ಆಶ್ರಯದೊಳಗೆ ಏನಾಗುತ್ತಿದೆಯೆಂದು ನಾವು ಕೇಳಿದ್ದು ಹೆಣಗಳು ಹೊರಬಂದ ಮೇಲೆ.

ಉರ್ದುವಿನಲ್ಲಿ 'ಖಾನಾಬದೋಶ್' ಎಂಬ ಪದವಿದೆ. ಮನೆಯನ್ನು ಹೆಗಲ ಮೇಲೆ ಹೊತ್ತವನು ಎಂದರ್ಥ. ಆ ಪದದಲ್ಲಿ ಮನುಷ್ಯನಿಗೆ ಹೆಗಲಿದೆ, ಹೊರುವ ಶಕ್ತಿಯಿದೆ. ನಮ್ಮ 'ನಿರಾಶ್ರಿತ'ನಲ್ಲಿ ಬರೀ ಇಲ್ಲದ್ದರ ಲೆಕ್ಕವಿದೆ. ನಾವು ಬರೆದ ಕತೆಗಳಲ್ಲೂ ಫುಟ್‌ಪಾತಿನವನು ಬಹುಪಾಲು ಕೈ ಚಾಚಿ ಕುಳಿತವನೇ. ಆತ ಬೆಳಗ್ಗೆ ಎದ್ದು ಯಾವ ಕೆಲಸಕ್ಕೆ ಹೋದ ಎಂದು ನಾವು ಕೇಳಿಕೊಂಡಿರಲಿಲ್ಲ. ಈ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

2020ರ ಮೇ ತಿಂಗಳಲ್ಲಿ ಸೇಲಂನ ಬಸ್ಸಿಗೆ ವಿರುದ್ಧವಾದ ಘಟನೆಯೊಂದು ಬೆಂಗಳೂರಿನಲ್ಲಿ ನಡೆಯಿತು. ಕೊರೊನಾ ಲಾಕ್‌ಡೌನಿನಿಂದ ಕೆಲಸವಿಲ್ಲದೆ ಕಂಗೆಟ್ಟ ಕಟ್ಟಡ ಕಾರ್ಮಿಕರು ಊರಿಗೆ ಹೋಗಲು ಹಾತೊರೆಯುತ್ತಿದ್ದರು. ಬಿಲ್ಡರುಗಳು ಮುಖ್ಯಮಂತ್ರಿಯನ್ನು ಭೇಟಿಯಾದ ಬೆನ್ನಲ್ಲೇ ರಾಜ್ಯ ಸರಕಾರ ಶ್ರಮಿಕ ರೈಲುಗಳು ಬೇಡವೆಂದಿತು. ಟೀಕೆಗಳ ಸುರಿಮಳೆಯಾದ ಮೇಲೆ ಮನಸ್ಸು ಬದಲಿಸಿತು. 1981ರಲ್ಲಿ ಹೋಗಲೊಲ್ಲದವನನ್ನು ಬಸ್ಸು ಹತ್ತಿಸಿದರು. 2020ರಲ್ಲಿ ಹೋಗಬೇಕೆಂದವನ ರೈಲು ನಿಲ್ಲಿಸಿದರು. ಎರಡರಲ್ಲೂ ಆತನನ್ನು ಕೇಳಿದವರಿಲ್ಲ. ಆತನ ದುಡಿಮೆ ಬೇಕು, ಆತ ಮಲಗುವ ಆರಡಿ ಜಾಗ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ಹಾಗಾದರೆ ಸಮಾಜ ಮಾಡಬೇಕಾದುದೇನು? ಚರಿತ್ರೆಯೇ ಮೂರು ಮಾತು ಹೇಳುತ್ತದೆ. ಮೊದಲನೆಯದು ಎಣಿಕೆ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿಹೀನರನ್ನು ಎಣಿಸಿತು. 2001ಕ್ಕೆ ಹೋಲಿಸಿದರೆ ಹಳ್ಳಿಗಳಲ್ಲಿ ಅವರ ಸಂಖ್ಯೆ ಇಳಿದಿತ್ತು, ನಗರಗಳಲ್ಲಿ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿತ್ತು. ಮುಂದಿನ ಗಣತಿ 2021ರಲ್ಲಿ ನಡೆಯದೆ ಮುಂದಕ್ಕೆ ಹೋಯಿತು. ಎಣಿಕೆಗೆ ಬಾರದವನಿಗೆ ಯಾವ ಯೋಜನೆಯೂ ಮುಟ್ಟುವುದಿಲ್ಲ.

ಎರಡನೆಯದು ಜಾಗ. ಸುಪ್ರೀಂ ಕೋರ್ಟು 2010ರಲ್ಲಿ ರಾತ್ರಿ ವಸತಿಗಳ ಬಗ್ಗೆ ಆದೇಶಗಳನ್ನಿತ್ತಿತು. ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಒಂದು ವಸತಿ ಇರಬೇಕು, ಅದು ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳ ಬಳಿಯಿರಬೇಕು ಎಂದು ಕೇಂದ್ರದ ನಗರ ಜೀವನೋಪಾಯ ಯೋಜನೆ ನಿಯಮ ಮಾಡಿತು. ಕೆಲಸಕ್ಕೆ ಹತ್ತಿರವಿರಬೇಕು ಎಂಬ ಈ ಒಂದು ಷರತ್ತೇ ಎಲ್ಲದರ ಜೀವಾಳ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದ ಬಡವರ ವಸತಿಯನ್ನು ಕೆಡವಿ ಸುಮಾರು 1,500 ಕುಟುಂಬಗಳನ್ನು ಎಬ್ಬಿಸಿದಾಗ, ಹತ್ತಿರದ ಕೋರಮಂಗಲದ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದ ಹೆಂಗಸರು ಸೂರಿನ ಜೊತೆಗೆ ಕೆಲಸದ ದಾರಿಯನ್ನೂ ಕಳೆದುಕೊಂಡರು.

ಮೂರನೆಯದು ಕೇಳುವುದು. ಭಾಯಖಳಾದ ಹೆಂಗಸರು ಸೀರೆ ಹಿಡಿದು ಅಳೆದದ್ದನ್ನು ಯಾವ ಕಚೇರಿಯೂ ಮೇಜಿನ ಹಿಂದೆ ಕುಳಿತು ಅಳೆಯಲಾರದು. ಅಧಿಕಾರಿಗಳಿಗಷ್ಟೇ ಅಲ್ಲ, ಇದು ನಮಗೂ ಅನ್ವಯಿಸುತ್ತದೆ. ಚಳಿಗಾಲದಲ್ಲೊಂದು ಕಂಬಳಿ ಹೊದಿಸಿ, ಫೋಟೋ ತೆಗೆಸಿಕೊಂಡು ಬರುವ ನಾವು, ಮಲಗಿದವನನ್ನು ಎಬ್ಬಿಸಿ ಹೆಸರು ಕೇಳುವುದು ಅಪರೂಪ. ಕಂಬಳಿ ಬೇಡವೆನ್ನುತ್ತಿಲ್ಲ. ಕಂಬಳಿಯ ಜೊತೆಗೆ ಒಂದು ಮಾತೂ ಇರಲಿ. ನಮ್ಮೂರಿನ ನಗರಸಭೆಯಲ್ಲಿ ರಾತ್ರಿ ವಸತಿ ಇದೆಯೇ, ಇದ್ದರೆ ಊರ ಹೊರಗಿದೆಯೋ ಬಸ್ ನಿಲ್ದಾಣದ ಬಳಿಯಿದೆಯೋ, ಹೆಂಗಸರು ಅಲ್ಲಿ ಮಲಗಬಹುದೇ ಎಂದು ವಿಚಾರಿಸುವ ಮಾತು ಅದು.

ಸೇಲಂನ ಆ ಮನುಷ್ಯ ಏಕೆ ಮರಳಿ ಬಂದ ಎಂಬ ಪ್ರಶ್ನೆಗೆ ಉತ್ತರ ಈಗ ಕಷ್ಟವಲ್ಲ. ಸೇಲಂನಲ್ಲಿ ಆತನಿಗೆ ಊರಿತ್ತು, ಕೆಲಸವಿರಲಿಲ್ಲ. ಮುಂಬಯಿಯಲ್ಲಿ ಕೆಲಸವಿತ್ತು, ಮನೆಯಿರಲಿಲ್ಲ. ಆತ ಕೆಲಸವನ್ನು ಆರಿಸಿಕೊಂಡ. ಹೆಂಡತಿ ಮಕ್ಕಳ ಹೊಟ್ಟೆಯ ಚಿಂತೆಯಿರುವ ಯಾರಾದರೂ ಅದನ್ನೇ ಆರಿಸಿಕೊಳ್ಳುತ್ತಿದ್ದರು. ಕೆಲಸ ಮತ್ತು ಮನೆ ಎರಡೂ ಒಂದೇ ಊರಿನಲ್ಲಿ ಇರಬಾರದೇಕೆ ಎಂದು ಕೇಳಬೇಕಾದವರು ಆತನ ದುಡಿಮೆಯನ್ನು ಉಣ್ಣುತ್ತಿರುವ ನಾವು.