ಕಲ್ಲಿನೊಡನೆ ಹರಟೆ

ಹಳೆಯ ಬರಹಗಳನ್ನಷ್ಟೇ ಓದಿಸಿದ ಯಂತ್ರದೊಡನೆ ಹರಟುವ ಕಾಲ ಬಂದಿದೆ. ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 1913ರವರೆಗಿನ ಬರಹಗಳಲ್ಲೇ ಒಂದನ್ನು ಪಳಗಿಸಿದ್ದಾರೆ. ಮರುವರ್ಷದ ಮಹಾಯುದ್ಧ ಅದಕ್ಕೆ ಗೊತ್ತಿಲ್ಲ.

ಅಂಥದ್ದಕ್ಕೆ ಕೊಲ್ಹಾಪುರದ ಶಾಸನಗಳನ್ನಷ್ಟೇ ಓದಿಸಿದರೆ? ಇಂದು ಮಹಾರಾಷ್ಟ್ರದಲ್ಲಿರುವ ಆ ಊರನ್ನು 12ನೆಯ ಶತಮಾನದಲ್ಲಿ ಆಳಿದವನು ಶಿಲಾಹಾರ ಗಂಡರಾದಿತ್ಯ. ಅವನ ಕಾಲದ, ಕ್ರಿ.ಶ. 1135ರ ಅಲ್ಲಿನ ಶಾಸನವೊಂದು ಕನ್ನಡದ್ದು. ಸಾಮಂತ ನಿಂಬದೇವ ಸಂತೆಯಲ್ಲಿ ಕಟ್ಟಿಸಿದ ಬಸದಿಗೆ ಅಯ್ಯಾವೊಳೆಯ ವರ್ತಕರು ಬಿಟ್ಟ ಆಯದ ವಿವರ ಅದರಲ್ಲಿದೆ. ಯಾರು ಯಾರಿಗೆ ಏನು ಕೊಟ್ಟರೆಂದು ಕೇಳಿ, ಯಂತ್ರ ಹೇಳೀತು. ಆ ಸಂತೆಗೆ ಬುಟ್ಟಿ ಹೊತ್ತು ಬಂದ ಹೆಂಗಸು ಮಗುವನ್ನು ಏನೆಂದು ಗದರಿಸುತ್ತಿದ್ದಳು? ಕಲ್ಲು ಕಡೆದವನಿಗೆ ಅದು ಬೇಕಿರಲಿಲ್ಲ. ಯಂತ್ರವಾದರೋ ಸುಮ್ಮನಿರುವುದಿಲ್ಲ, ಊಹಿಸಿದ್ದನ್ನೂ ಶಾಸನದ ಠೀವಿಯಲ್ಲೇ ಹೇಳಿಬಿಡುತ್ತದೆ. ನನಗೆ ಭಯವಿರುವುದು ಅಲ್ಲಿ.

ಗಡಹಿಂಗ್ಲಜದ ಕನ್ನಡದ ಮನೆಗಳೂ 1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಮನೆಗಳೂ ಈ ವಿಷಯದಲ್ಲಿ ಒಂದೇ. ಅಜ್ಜಿಯ ಮಾತು ಯಾವ ಶಾಸನದಲ್ಲೂ ಇಲ್ಲ. ಅಟ್ಟದ ಮೇಲಿನ ಲೆಕ್ಕದ ಪುಸ್ತಕ, ಮದುವೆಯ ಕರೆಯೋಲೆ, ತವರಿಗೆ ಬರೆದ ಕಾರ್ಡುಗಳಲ್ಲಿ ಒಂದಿಷ್ಟು ಸಿಕ್ಕೀತು. ನಮ್ಮ ಮನೆಯ ಕಟ್ಟನ್ನು ಕಳೆದ ಮಳೆಗಾಲ ಬಿಚ್ಚಿ ನೋಡಿದೆ. ಅರ್ಧ ಗೆದ್ದಲಿನ ಪಾಲಾಗಿತ್ತು.