ಚಳಿಗಾಲ ಬರುವುದು ಸೂರ್ಯ ದೂರವಾದದ್ದಕ್ಕಾ?

ಪ್ರತಿ ವರ್ಷ ಜೂನ್ ಮುಗಿಯುವ ಹೊತ್ತಿಗೆ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡಲು ಶುರುವಾಗುತ್ತದೆ. ಭೂಮಿಗೂ ಸೂರ್ಯನಿಗೂ ಇರುವ ದೂರ 9 ಕೋಟಿ ಕಿ.ಮೀ., ಅದು ಈಗ 15.2 ಕೋಟಿ ಕಿ.ಮೀ. ಆಗಲಿದೆ, ಆಗಸ್ಟ್ 22ರವರೆಗೆ ಹಿಂದೆಂದೂ ಕಾಣದ ಚಳಿ, ಮೈಕೈ ನೋವು, ಗಂಟಲು ಕಟ್ಟುವುದು, ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬರಲಿದೆ ಎಂಬುದು ಅದರ ಸಾರ. ಓದಿದವರಿಗೆ ಹೌದೇನೋ ಅನ್ನಿಸುತ್ತದೆ. ಒಲೆಯಿಂದ ದೂರ ಸರಿದರೆ ಚಳಿಯಾಗುತ್ತದಲ್ಲ? ಅದೇ ಹೊತ್ತಿಗೆ ಹೊರಗೆ ಜಿಟಿಜಿಟಿ ಮಳೆ ಬೇರೆ.

ಇದರಲ್ಲಿ ಒಂದು ಮಾತು ನಿಜ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ವೃತ್ತವಲ್ಲ, ತುಸು ಮೊಟ್ಟೆಯಾಕಾರ. ಹಾಗಾಗಿ ಜುಲೈ ಮೊದಲ ವಾರದಲ್ಲಿ ನಾವು ಸೂರ್ಯನಿಂದ ಅತಿ ದೂರದಲ್ಲಿ, ಸುಮಾರು 15.21 ಕೋಟಿ ಕಿ.ಮೀ. ಆಚೆ ಇರುತ್ತೇವೆ. ಇದನ್ನೇ ಅಫೀಲಿಯನ್ ಎನ್ನುವುದು. ಆದರೆ ಆ 9 ಕೋಟಿ ಎಲ್ಲಿಂದ ಬಂತು? ಸರಾಸರಿ ದೂರವೇ 14.96 ಕೋಟಿ ಕಿ.ಮೀ. ಅದನ್ನು ಮೈಲಿಯಲ್ಲಿ ಹೇಳಿದರೆ 9.3 ಕೋಟಿ. ಯಾರೋ ಮೈಲಿಯನ್ನೂ ಕಿಲೋಮೀಟರನ್ನೂ ಕಲಸಿಬಿಟ್ಟಿರುವ ಹಾಗಿದೆ. ಅತಿ ಹತ್ತಿರ ಬಂದಾಗಲೂ ಭೂಮಿ 14.71 ಕೋಟಿ ಕಿ.ಮೀ. ದೂರದಲ್ಲೇ ಇರುತ್ತದೆ. ಹತ್ತಿರಕ್ಕೂ ದೂರಕ್ಕೂ ವ್ಯತ್ಯಾಸ 50 ಲಕ್ಷ ಕಿ.ಮೀ., ಅಂದರೆ ನೂರಕ್ಕೆ ಮೂರು ಚಿಲ್ಲರೆ.

ಈಗ ಮುಖ್ಯ ಪ್ರಶ್ನೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಯಾವಾಗ? ಜನವರಿ ಮೊದಲ ವಾರದಲ್ಲಿ! ಬೀದರಿನಲ್ಲಿ ಜನ ಬೆಂಕಿ ಕಾಯಿಸುತ್ತಾ ಕೂರುವ, ದೆಹಲಿಯಲ್ಲಿ ಮಂಜಿಗೆ ರೈಲು ತಡವಾಗುವ ದಿನಗಳವು. ಅದೇ ವಾರ ಟಿವಿಯಲ್ಲಿ ಸಿಡ್ನಿ ಟೆಸ್ಟ್ ಹಾಕಿ ನೋಡಿ. ಪ್ರೇಕ್ಷಕರು ಟೋಪಿ ಹಾಕಿಕೊಂಡು ಬಿಸಿಲಿಗೆ ಬೇಯುತ್ತಿರುತ್ತಾರೆ, ಅಲ್ಲಿ ಬೇಸಿಗೆ. ಒಂದೇ ಭೂಮಿ, ಸೂರ್ಯನಿಂದ ಒಂದೇ ದೂರ. ದೂರದಿಂದಲೇ ಚಳಿಗಾಲ ಬರುವುದಾಗಿದ್ದರೆ ಎರಡೂ ಕಡೆ ಒಟ್ಟಿಗೆ ಬರಬೇಕಿತ್ತು.

ಕಾರಣ ಇರುವುದು ಭೂಮಿಯ ವಾಲಿಕೆಯಲ್ಲಿ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿದೆ. ಡಿಸೆಂಬರ್ ಹೊತ್ತಿಗೆ ಉತ್ತರ ಭಾಗ ಸೂರ್ಯನಿಂದ ಆಚೆಗೆ ವಾಲಿರುತ್ತದೆ, ದಕ್ಷಿಣ ಭಾಗ ಅವನ ಕಡೆಗೆ. ಇದರ ಪರಿಣಾಮವನ್ನು ನಿಮ್ಮ ಕೈಲಿರುವ ಫೋನಿನಲ್ಲೇ ನೋಡಬಹುದು. ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಾಕಿ ಮೇಜಿನ ಮೇಲೆ ನೇರವಾಗಿ ಬಿಡಿ, ಪುಟ್ಟ ಪ್ರಖರ ಬೆಳಕು. ಅದೇ ಫೋನನ್ನು ಓರೆ ಮಾಡಿ, ಬೆಳಕು ಉದ್ದಕ್ಕೆ ಹರಡಿಕೊಂಡು ಮಂಕಾಗುತ್ತದೆ. ಟಾರ್ಚ್ ಬದಲಾಗಲಿಲ್ಲ, ಕೋನ ಬದಲಾಯಿತು. ಚಳಿಗಾಲದ ಎಳೆಬಿಸಿಲು ಅಂದರೆ ಇದೇ.

ಡಿಸೆಂಬರ್ 21 ಅಥವಾ 22ರ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ದೆಹಲಿಯಲ್ಲಿ 38 ಡಿಗ್ರಿ ಮಾತ್ರ. ಹಗಲೂ ಗಿಡ್ಡ: ಬೆಂಗಳೂರಿಗೆ 11 ಗಂಟೆ 20 ನಿಮಿಷದಷ್ಟು, ದೆಹಲಿಗೆ ಅದಕ್ಕಿಂತ ಒಂದು ಗಂಟೆ ಕಡಿಮೆ. ಬಿಸಿಲು ಓರೆ, ಅದೂ ಕಡಿಮೆ ಹೊತ್ತು. ರಾತ್ರಿಯಿಡೀ ನೆಲ ತಣ್ಣಗಾಗಲು ಹೆಚ್ಚು ಸಮಯ. ಉತ್ತರಕ್ಕೆ ಹೋದಷ್ಟೂ ಚಳಿ ಏರುವುದಕ್ಕೆ ಇದೇ ಮುಖ್ಯ ಕಾರಣ. ಜನವರಿಯಲ್ಲಿ ಭೂಮಿಗೆ ಜುಲೈಗಿಂತ ಶೇಕಡಾ 7ರಷ್ಟು ಹೆಚ್ಚು ಬಿಸಿಲು ಸಿಗುತ್ತದೆ ಎಂಬುದು ನಿಜ. ಆದರೆ ವಾಲಿಕೆಯ ಮುಂದೆ ಆ ಲೆಕ್ಕ ನಡೆಯುವುದಿಲ್ಲ.

ಅತಿ ಗಿಡ್ಡ ಹಗಲು ಡಿಸೆಂಬರಿನಲ್ಲಿ ಬಂದರೂ ಕಡುಚಳಿ ಸಾಮಾನ್ಯವಾಗಿ ಆಮೇಲೆಯೇ. ನೆಲ, ನೀರು ಕೂಡಿಟ್ಟ ಬಿಸಿ ಕರಗಲು ಕೆಲವು ವಾರ ಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದು 1884ರ ಜನವರಿ 13ರಂದು. ಇದರ ಜೊತೆ ಆಕಾಶವೂ ಲೆಕ್ಕಕ್ಕೆ ಬರುತ್ತದೆ. ಮೋಡ ರಾತ್ರಿಗೆ ಕಂಬಳಿ ಇದ್ದ ಹಾಗೆ, ನೆಲದ ಬಿಸಿಯನ್ನು ತಡೆದಿಡುತ್ತದೆ. ಮೋಡವಿಲ್ಲದ ಒಣಹವೆಯ ಬೀದರ್, ವಿಜಯಪುರದಲ್ಲಿ ಆ ಕಂಬಳಿ ಇಲ್ಲ. ಮಂಗಳೂರಿಗೆ ಪಕ್ಕದಲ್ಲೇ ಕಡಲಿದೆ, ಅದು ಬೇಗ ತಣಿಯುವುದಿಲ್ಲ. ಅಲ್ಲಿನವರು ಸ್ವೆಟರ್ ಹುಡುಕುವುದೇ ಅಪರೂಪ.

ಹಾಗಾದರೆ ಚಳಿಗಾಲ ಅಂದರೆ ಯಾವ ತಿಂಗಳು? ಅದು ಯಾರನ್ನು ಕೇಳುತ್ತೀರಿ ಎಂಬುದರ ಮೇಲಿದೆ. ನಮ್ಮ ಪಂಚಾಂಗದಲ್ಲಿ ಮಾರ್ಗಶಿರ, ಪುಷ್ಯ ಸೇರಿ ಹೇಮಂತ. ಮಾಘ, ಫಾಲ್ಗುಣ ಸೇರಿ ಶಿಶಿರ. ಭಾರತೀಯ ಹವಾಮಾನ ಇಲಾಖೆ ಜನವರಿ, ಫೆಬ್ರವರಿಯನ್ನು ಮಾತ್ರ ಚಳಿಗಾಲ ಎಂದು ಎಣಿಸುತ್ತದೆ, ಡಿಸೆಂಬರ್ ಅವರ ಲೆಕ್ಕದಲ್ಲಿ ಮುಂಗಾರಿನ ನಂತರದ ಕಾಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎನ್ನುವ ನಮ್ಮ ಹಿರಿಯರ ಲೆಕ್ಕ ಇಲಾಖೆಯ ಲೆಕ್ಕಕ್ಕೆ ಹೆಚ್ಚು ಕಡಿಮೆ ಹೊಂದುತ್ತದೆ.

ಜುಲೈನಲ್ಲಿ ನಮಗಾಗುವ ಚಳಿ ಬೇರೆಯದೇ. ಮುಂಗಾರಿನ ಮೋಡ ಹಗಲಿನ ಬಿಸಿಲನ್ನು ಮರೆಮಾಡುತ್ತದೆ, ಮೇಲೆ ಮಳೆ, ಗಾಳಿ. ಆಗಲೂ ಬೆಂಗಳೂರಿನ ರಾತ್ರಿ ಸುಮಾರು 20 ಡಿಗ್ರಿ ಇರುತ್ತದೆ. ಜನವರಿಯ ರಾತ್ರಿಗಳು ಅದಕ್ಕಿಂತ ಸಾಕಷ್ಟು ತಂಪು. ಇಡೀ ಭೂಮಿಯ ಸರಾಸರಿ ತೆಗೆದರಂತೂ ಸೂರ್ಯ ದೂರವಿರುವ ಜುಲೈಯೇ ಜನವರಿಗಿಂತ ಬೆಚ್ಚಗಿನ ತಿಂಗಳು. ಬೇಗ ಕಾಯುವ ನೆಲ ಉತ್ತರಾರ್ಧದಲ್ಲೇ ಹೆಚ್ಚಿರುವುದು ಇದಕ್ಕೆ ಕಾರಣ.

ಇಷ್ಟಾದರೆ ಒಂದು ತಪ್ಪು ಫಾರ್ವರ್ಡ್ ಎಂದು ನಕ್ಕು ಬಿಡಬಹುದಿತ್ತು. ನಮಗೆ ಚಿಂತೆ ಅದರ ಕೊನೆಯ ಸಾಲುಗಳದು. ಜ್ವರ, ಮೈಕೈ ನೋವು ಅಫೀಲಿಯನ್‌ನಿಂದ ಬರುವುದಿಲ್ಲ. ಫ್ಲೂ ತರುವುದು ವೈರಸ್, ನಮ್ಮ ದೇಶದಲ್ಲಿ ಅದು ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಹೆಚ್ಚುತ್ತದೆ. ಜುಲೈ, ಆಗಸ್ಟ್ ಡೆಂಗಿ ಹರಡುವ ಕಾಲವೂ ಹೌದು. ಫಾರ್ವರ್ಡ್‌ನಲ್ಲಿರುವ ಜ್ವರ, ಮೈಕೈ ನೋವು ಡೆಂಗಿಯಲ್ಲೂ ಇರುತ್ತವೆ. "ಎಲ್ಲರಿಗೂ ಬಂದಿದೆ, ಸೂರ್ಯ ದೂರ ಹೋಗಿದ್ದಾನೆ, ಕಷಾಯ ಕುಡಿದು ಮಲಗು" ಎಂದು ಸುಮ್ಮನಿದ್ದರೆ ಪರೀಕ್ಷೆ ಮಾಡಿಸುವ ದಿನಗಳು ಕಳೆದುಹೋಗುತ್ತವೆ. ಎರಡು ದಿನ ದಾಟಿದ ಜ್ವರಕ್ಕೆ ವೈದ್ಯರನ್ನು ನೋಡಿ. ಡೆಂಗಿ ಶಂಕೆಯಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ನೀವಾಗಿ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರ ಇಳಿಯಿತು ಅನ್ನುವಾಗಲೇ ವಿಪರೀತ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.